ಕಲ್ಲು ದೋಣಿಯ ಕೆಂಪು ಮೀನು

ತುಂಗಭದ್ರೆಯ ಕಾಲುವೆ ನಮ್ಮ ಕಡೆ ಇನ್ನೂ ಬಂದಿರದ ದಿನಗಳವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲಿ ನೋಡಿದರೂ ಎರೆಹೊಲ, ಜೋಳ, ಹತ್ತಿ. ನೀರೆಂದರೆ ಬಾವಿಯದು, ಮಳೆಗಾಲದಲ್ಲಿ ಹಳ್ಳದ್ದು. ನಿಜಾಮರ ರಾಜ್ಯ. ಕಚೇರಿಯ ಕಾಗದ ಉರ್ದುವಿನಲ್ಲಿ, ಮನೆಯ ಜಗಳ ಕನ್ನಡದಲ್ಲಿ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತಂತೆ. ನಮಗೆ ಅದು ಗೊತ್ತಾಗುತ್ತಿದ್ದುದು ಸೀಮೆಎಣ್ಣೆ ಸಿಗದೆ ಹೋದಾಗ, ಇಲ್ಲವೆ ರಾಯಚೂರಿನ ಬಸ್ಸು ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಲಿ ಒಲೆ ಕಟ್ಟಿಕೊಂಡು ಕೆಮ್ಮುತ್ತ ಬಂದಾಗ. ಆ ಬಸ್ಸಿನ ಹೊಗೆ ಕುಡಿದವರು ಈಗ ಬೆರಳೆಣಿಕೆಯಷ್ಟು ಮಂದಿ ಉಳಿದಿರಬೇಕು. ಅವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ, ಉಳಿದವರು ನನ್ನ ಮಾತು ನಂಬಬೇಕು.

ಅದೇ ಬಸ್ಸಿನಲ್ಲಿ, ಒಂದು ಶ್ರಾವಣದ ಮಧ್ಯಾಹ್ನ, ನನ್ನ ಹೊಟ್ಟೆಕಿಚ್ಚು ಲಿಂಗಸುಗೂರಿಗೆ ಬಂದಿಳಿಯಿತು.

ಬಜಾರದ ಹಿಂದಿನ ಓಣಿಯಲ್ಲಿ ನಮ್ಮದು ಒಂದೇ ಅಂಗಳಕ್ಕೆ ಎರಡು ಮನೆ. ಒಂದರಲ್ಲಿ ನಾವು: ಅಪ್ಪ, ಅವ್ವ, ನಾನು. ಅಪ್ಪನದು ಕಾಳುಕಡಿ ಅಂಗಡಿ. ಎದುರಿನ ಮನೆ ಅಪ್ಪನ ತಮ್ಮ, ನನ್ನ ಕಾಕಾನದು. ಕಾಕಾ ವಕೀಲರು. ತಲೆಗೆ ರೂಮಿ ಟೋಪಿ, ಕಾಲಿಗೆ ಬೂಟು, ತಿಂಗಳು ಎರಡು ತಿಂಗಳಿಗೊಮ್ಮೆ ಕೋರ್ಟಿನ ಕೆಲಸಕ್ಕೆ ಹೈದರಾಬಾದು. ಅವರ ಹೆಂಡತಿ ನನ್ನ ಚಿಗವ್ವ, ಮಗಳು ಗಿರಿಜಾ. ಎರಡೂ ಮನೆಯ ಕೀಲಿ ಇದ್ದದ್ದು ಮಾತ್ರ ಒಬ್ಬಳ ಸೊಂಟದಲ್ಲಿ, ನಮ್ಮ ಆಯಿಯ ಸೊಂಟದಲ್ಲಿ. ಆಯಿ ಎಂದರೆ ಅಪ್ಪನ ತಾಯಿ. ತವರು ಮಸ್ಕಿ, ಮಾತು ಖಡಕ್ಕು.

ಗಿರಿಜಿ ನನಗಿಂತ ಮೂರು ತಿಂಗಳು ದೊಡ್ಡವಳು. ಆದರೆ ನೋಡಿದವರು ಯಾರೂ ಹಾಗೆ ಹೇಳುತ್ತಿರಲಿಲ್ಲ. ಅವಳು ಬೆಳ್ಳಗೆ, ಗಿಡ್ಡಗೆ, ಗೊಂಬೆ ಗೊಂಬೆ. ನಾನು ಕಪ್ಪಗೆ, ಜೋಳದ ದಂಟಿನ ಹಾಗೆ ಉದ್ದಕ್ಕೆ. ಅವಳ ಜಡೆಗೆ ಹೈದರಾಬಾದಿನ ರಿಬ್ಬನ್ನು, ನನ್ನ ಜಡೆಗೆ ಅವ್ವನ ಹಳೆಯ ಸೀರೆಯ ಅಂಚು. ಹತ್ತು ವರ್ಷವಾದರೂ ಅವಳು ಕಾಕಾನ ತೊಡೆಯ ಮೇಲೆ ಹೊಂದಿಕೊಂಡು ಕೂಡುತ್ತಿದ್ದಳು. ನಾನು ಅಪ್ಪನ ತೊಡೆಯ ಮೇಲೆ ಕೂತರೆ, "ಏಳು ಬೇ, ನನ್ನ ಕಾಲು ಜೋಮು ಹಿಡೀತು," ಎನ್ನುತ್ತಿದ್ದ. ಹೊಟ್ಟೆ ಉರಿಯದೆ ಏನಾದೀತು? ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಈ ವಯಸ್ಸಿನಲ್ಲಿ?

ಆ ದಿನ ನಾಗರಪಂಚಮಿಗೆ ಇನ್ನೆರಡು ದಿನವಿತ್ತು. ಅವ್ವ, ಚಿಗವ್ವ ಕೂಡಿ ಅಂಗಳದಲ್ಲಿ ಜೋಳದ ಅಳ್ಳು ಹುರಿಯುತ್ತಿದ್ದರು. ಬಿಸಿ ಹಂಚಿನ ಮೇಲೆ ಜೋಳ ಚಟಪಟ ಸಿಡಿದು ಬೆಳ್ಳಗೆ ಅರಳುವುದನ್ನು ನೋಡುತ್ತ, ಹೊರಗೆ ಹಾರಿದ್ದನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ನಾನೂ ಗಿರಿಜಿಯೂ ಕೂತಿದ್ದೆವು. ಕಾಕಾ ಬಾಗಿಲಲ್ಲಿ ಕಂಡರು. ಮೈತುಂಬ ಇದ್ದಲಿ ಧೂಳು, ಎದೆಗೆ ಅವಚಿಕೊಂಡ ಒಂದು ಗುಂಡನೆಯ ಗಂಟು, ಅದಕ್ಕೆ ಸುತ್ತಿದ್ದ ಒದ್ದೆ ಟವೆಲ್ಲು.

"ಸರೀರಿ, ಸರೀರಿ. ಯಾರೂ ಕೈ ಹಚ್ಚಬ್ಯಾಡ್ರಿ."

ಗಂಟನ್ನು ಪಡಸಾಲೆಯ ಕಟ್ಟೆಯ ಮೇಲಿಟ್ಟು ಟವೆಲ್ಲು ಬಿಚ್ಚಿದರು. ಗಾಜಿನ ಬರಣಿ. ಅದರ ತುಂಬ ನೀರು. ನೀರಲ್ಲಿ ಎರಡು ಮೀನು, ಒಂದೊಂದು ನನ್ನ ಕಿರುಬೆರಳಿನ ಅರ್ಧ, ಕುಂಕುಮದಷ್ಟು ಕೆಂಪು. ಹಳ್ಳದಲ್ಲಿ ಬೂದಿ ಬಣ್ಣದ ಮೀನು ಬಿಟ್ಟರೆ ಬೇರೆ ಕಂಡವಳಲ್ಲ ನಾನು. ಬಾಯಲ್ಲಿದ್ದ ಅಳ್ಳು ನುಂಗಲಿಕ್ಕೂ ಮರೆತೆ.

ಆಯಿ ಒಳಗಿನಿಂದ ಬಂದಳು. ನೋಡಿದಳು. "ಏನೋ ಇದು, ಮೀನ? ಲಿಂಗ ಕಟ್ಟಿದವ್ರ ಮನ್ಯಾಗ ಮೀನ? ಶಿವ ಶಿವಾ! ನಿನ್ನ ತಲಿ ನೆಟ್ಟಗೈತಿಲ್ಲೋ?"

"ತಿನ್ನಾಕ ತಂದಿಲ್ಲವ್ವ, ನೋಡಾಕ. ಹೈದರಾಬಾದಿನ್ಯಾಗ ನವಾಬರ ದೊಡ್ಡ ದೊಡ್ಡ ದೇವಡಿಯೊಳಗ ಇಟ್ಟಿರ್ತಾರ."

"ನೋಡಾಕ ನಮ್ಮ ಮಸ್ಕಿ ಹಳ್ಳದಾಗ ಮೀನ ಇರಲಿಲ್ಲೇನು? ಅಷ್ಟು ದೂರದಿಂದ ಮಗಳ ಹೊತ್ತಂಗ ಹೊತ್ಕೊಂಡು ಬಂದಾನ, ನೋಡ್ರಿ!"

ಬೈದು ಸುಮ್ಮನಾಗಲಿಲ್ಲ. ಒಳಗೆ ಹೋಗಿ ವಿಭೂತಿ ತಂದು ಬರಣಿಯ ಹೊಟ್ಟೆಗೆ ಮೂರು ಬೆರಳಿನಿಂದ ಎಳೆದಳು. "ಇನ್ನ ಇರ್ಲಿ," ಎಂದಳು. ಮೀನುಗಳು ನಮ್ಮ ಮನೆಯವಾದವು.

ಆಯಿಗೆ ಒಂದು ಕಾಯಿದೆ ಇತ್ತು. ಅಂಗಳದೊಳಗೆ ಬಂದ ಯಾವ ವಸ್ತುವೂ ಒಂದೇ ಕೂಸಿನದಲ್ಲ. ಬಳೆಯಾದರೆ ಇಬ್ಬರಿಗೂ ಒಂದೇ ಬಣ್ಣ, ಲಂಗವಾದರೆ ಒಂದೇ ಥಾನಿನ ಅರಿವೆ. "ಎರಡು ಅದಾವಲ್ಲ. ಒಂದು ಗಿರಿಜೀದು, ಒಂದು ಶರಣೀದು," ಎಂದಳು. ಶರಣಿ ನಾನೇ.

ಕಾಕಾನ ಮುಖ ಸಣ್ಣದಾಯಿತು. "ಬರಣಿ ಒಂದೈತಲ್ಲವ್ವ."

"ಬರಣಿ ಒಡದು ಹಂಚಂತ ನಾ ಹೇಳಿದ್ನೇನು? ಮೀನ ಹಂಚು."

ಹಂಚಿದರು. ಬರಣಿ ಗಿರಿಜಿಯ ಮನೆಯ ಗೋಡೆಯ ಮಾಡದಲ್ಲಿ, ಕಿಟಕಿಯ ಬಿಸಿಲು ಬೀಳುವ ಕಡೆ ಹೋಗಿ ಕೂತಿತು. ನನ್ನ ಮೀನು ಒಂದು ಲೋಟದಲ್ಲಿ ನನ್ನ ಕೈಗೆ ಬಂತು. ಇಡುವುದೆಲ್ಲಿ? ಅವ್ವ ಅತ್ತಿತ್ತ ನೋಡಿ, "ಹಿತ್ತಲದಾಗ ದೋಣ್ಯಾಗ ಬಿಡು, ಇರ್ತೈತಿ," ಎಂದಳು. ಬಾವಿಯ ಪಕ್ಕ ದನಕ್ಕೆ ನೀರು ಕುಡಿಸಲು ಇಟ್ಟ ಕಲ್ಲಿನ ದೋಣಿ ಅದು. ಒಳಗೆಲ್ಲ ಪಾಚಿ, ನೀರ ಮೇಲೆ ಬೇವಿನ ಎಲೆ, ಮೂಲೆಗೆ ಸೊಳ್ಳೆಯ ಮರಿ. ನನ್ನ ಕೆಂಪು ಮೀನು ಬಿಟ್ಟ ಕೂಡಲೇ ತಳಕ್ಕೆ ಹೋಗಿ ಕಾಣದಾಯಿತು. ಸಂಜೆ ಆಕಳು ಬಂದು ಅದೇ ನೀರಿಗೆ ಮೂತಿ ಇಟ್ಟಿತು. ನಾನು ಅಂಗಳಕ್ಕೆ ಕೇಳುವ ಹಾಗೆ ಅತ್ತೆ.

ಊರಿಗೆಲ್ಲ ಸುದ್ದಿಯಾಯಿತು. ವಕೀಲರ ಮನೆಯಲ್ಲಿ ಕೆಂಪು ಮೀನಂತೆ, ಗಾಜಿನೊಳಗೆ ಓಡಾಡುತ್ತದಂತೆ. ಪಂಚಮಿಯ ಜೋಕಾಲಿ ಆಡಲು ಬಂದ ಹುಡುಗಿಯರೆಲ್ಲ ಜೋಕಾಲಿ ಬಿಟ್ಟು ಮಾಡದ ಮುಂದೆ ನಿಂತರು. ಬಂದವರೆಲ್ಲ ಒಂದೊಂದು ಅಳ್ಳು ಹಾಕುವುದು, ಮೀನು ಬಾಯಿ ತೆರೆದು ಹಿಡಿಯುವುದು, ಹುಡುಗಿಯರು ಕಿರುಚುವುದು. ಗಿರಿಜಿ ಮಾಡದ ಪಕ್ಕದಲ್ಲಿ ಕೈಕಟ್ಟಿ ನಿಂತು, "ಬಾಳ ಹಾಕಬ್ಯಾಡ್ರೇ, ಹೊಟ್ಟಿ ಕೆಡ್ತೈತಿ," ಎಂದು ಅಮ್ಮನವರ ಗತ್ತಿನಲ್ಲಿ ಹೇಳುವುದು. ನಾನು ಬಾಗಿಲ ಹಿಂದೆ ನಿಂತು ಅದನ್ನೆಲ್ಲ ನೋಡುವುದು.

ಒಂದು ದಿನ ಪೊಲೀಸ್ ಅಮೀನ ಸಾಹೇಬರ ಮನೆಯ ಬೀಬಿ ಪರದೆ ಕಟ್ಟಿದ ದಮ್ಮಣಿ ಗಾಡಿಯಲ್ಲಿ ಬಂದರು. ಅತ್ತರಿನ ವಾಸನೆ ಅವರಿಗಿಂತ ಮೊದಲು ಒಳಗೆ ಬಂತು. ಬರಣಿ ನೋಡಿ, "ಮಾಶಾ ಅಲ್ಲಾ, ಏನ್ ಚೆಂದ ಐತಿ," ಎಂದು ಗಿರಿಜಿಯ ಗಲ್ಲ ಹಿಡಿದರು. ನನಗೆ ತಡೆಯಲಾಗಲಿಲ್ಲ. ಅವರ ದುಪಟ್ಟಾ ಹಿಡಿದು, "ನಂದೂ ಐತ್ರಿ ಬೀಬಿ, ಇದರ ಜೋಡೀನ ಐತ್ರಿ, ಬರ್ರಿ," ಎಂದು ಹಿತ್ತಲಕ್ಕೆ ಎಳೆದುಕೊಂಡು ಹೋದೆ. ಬೀಬಿ ಮೂಗಿಗೆ ದುಪಟ್ಟಾ ಹಿಡಿದು ದೋಣಿಯಲ್ಲಿ ಬಗ್ಗಿ ನೋಡಿದರು. ಪಾಚಿ. ಬೇವಿನ ಎಲೆ. ಆಕಳ ಜೊಲ್ಲು.

"ಎಲ್ಲೈತಿ ಬೇಟಾ?"

"ಐತ್ರಿ, ತಳಕ್ಕೈತಿ. ತಡೀರಿ, ಈಗ ಬರ್ತೈತಿ."

ಬರಲಿಲ್ಲ. ದರಿದ್ರದ್ದು ಬರಲೇ ಇಲ್ಲ. ಬೀಬಿ ನನ್ನ ತಲೆ ಸವರಿ, "ಇರ್ಲಿ, ಇರ್ಲಿ," ಎಂದು ಹೊರಟುಹೋದರು. ಅವರು ದಮ್ಮಣಿ ಹತ್ತಿದ ಸದ್ದು ಕೇಳಿದ ಮೇಲೆ ಮೀನು ಮೇಲೆ ಬಂದು ನನ್ನ ಕಡೆ ಬಾಯಿ ತೆರೆದು ನಿಂತಿತು. ನಾನು ಅದಕ್ಕೆ ಕೇಳಬಾರದ ಮಾತನ್ನೆಲ್ಲ ಬೈದೆ. ಬೈದು ಮುಗಿದ ಮೇಲೆ ಒಂದು ಅಳ್ಳು ಹಾಕಿದೆ.

ಹಾಗೆ ನಮ್ಮ ಗೆಳೆತನ ಶುರುವಾಯಿತು. ಶಾಲೆಯಿಂದ ಬಂದ ಕೂಡಲೇ ನಾನು ದೋಣಿಯ ಕಟ್ಟೆಗೆ ಬಡಿಯುತ್ತಿದ್ದೆ. ಅದು ಪಾಚಿಯೊಳಗಿಂದ ಬರುತ್ತಿತ್ತು. ರೊಟ್ಟಿಯ ಚೂರು, ಅಳ್ಳು, ಕೆಲವು ಸಲ ಅವ್ವನ ಕಣ್ಣು ತಪ್ಪಿಸಿ ಬೆಲ್ಲದ ಪುಡಿ. ಎಲ್ಲ ತಿನ್ನುತ್ತಿತ್ತು. ಸೊಳ್ಳೆಯ ಮರಿಗಳನ್ನಂತೂ ಒಂದೂ ಬಿಡಲಿಲ್ಲ. ಮಹಾನವಮಿಯ ಹೊತ್ತಿಗೆ ಅದು ನನ್ನ ಕಿರುಬೆರಳಿನಷ್ಟಾಯಿತು. ನಾನು ಜೋಳದ ಗರಿಯೊಂದನ್ನು ನೀರಿನಲ್ಲಿ ಅದರ ಪಕ್ಕ ಹಿಡಿದು, ಮೂತಿಯಿಂದ ಬಾಲದವರೆಗೆ ಅಳತೆ ನೋಡಿ, ಉಗುರಿನಿಂದ ಹರಿದುಕೊಳ್ಳುತ್ತಿದ್ದೆ. ಆ ಗರಿ ಹಿಡಿದುಕೊಂಡು ಹೋಗಿ ಗಿರಿಜಿಯ ಬರಣಿಗೆ ಹಚ್ಚಿ ನೋಡುತ್ತಿದ್ದೆ. ಅವಳದು ತಂದಾಗ ಎಷ್ಟಿತ್ತೋ ಅಷ್ಟೇ. ಪುಟ್ಟಗೆ, ಕೆಂಪಗೆ.

ಮೊದಲ ಸಲ ಹೀಗೆ ನೋಡಿದಾಗ ನಾನು ಗೆದ್ದೆ ಅಂದುಕೊಂಡೆ. ಯಾರೂ ಹಾಗೆ ಅನ್ನಲಿಲ್ಲ. "ನಂದು ದೊಡ್ಡದಾಗೈತಿ," ಎಂದರೆ ಹುಡುಗಿಯರು, "ಅಯ್ಯ, ಸಣ್ಣದಿದ್ರ ಚೆಂದ," ಎನ್ನುತ್ತಿದ್ದರು. ಅದೂ ನಿಜವೇ ಅನ್ನಿಸಿತು. ದೋಣಿಯಲ್ಲಿದ್ದದ್ದು ಉದ್ದವಾಗಿ, ಹೊಟ್ಟೆ ಬಂದು, ಬೆನ್ನ ಮೇಲೆ ಕಪ್ಪು ಛಾಯೆ ಹೊಡೆದು, ಥೇಟ್ ನನ್ನ ಹಾಗೆ ಆಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೋದರೆ ಬರಣಿಯ ಮೇಲೆ ಬಟ್ಟೆ ಮುಚ್ಚಿತ್ತು. ಗಿರಿಜಿ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ನಾನು ಬಟ್ಟೆಗೆ ಕೈ ಹಾಕಿದ್ದೇ ಚಿಗವ್ವ ಕೈ ಹಿಡಿದಳು.

"ಮುಟ್ಟಬ್ಯಾಡ. ಕಣ್ಣ ತಾಕೈತಿ ಅದಕ್ಕ. ಮಂದಕ್ಕಾಗೈತಿ. ನಾಕು ದಿನ ಯಾರೂ ನೋಡಬಾರದು." ಅಷ್ಟು ಹೇಳಿ ನನ್ನನ್ನೇ ನೋಡಿದಳು. "ಯಾರದು ತಾಕೈತೋ ಏನೋ. ಒಬ್ಬೊಬ್ಬರ ಕಣ್ಣು ಬಾಳ ಕೆಟ್ಟಿರ್ತಾವು."

ಆಮೇಲೆ ಉಪ್ಪು, ಮೆಣಸಿನಕಾಯಿ ತಂದು ಬಟ್ಟೆ ಮುಚ್ಚಿದ ಬರಣಿಗೆ ಮೂರು ಸಲ ದಿಷ್ಟಿ ತೆಗೆದು ಒಲೆಗೆ ಹಾಕಿದಳು. ಘಾಟು ಎದ್ದು ಎಲ್ಲರೂ ಕೆಮ್ಮಿದೆವು. ನನ್ನ ಕಣ್ಣಲ್ಲಿ ನೀರು ಬಂದದ್ದು ಘಾಟಿಗಲ್ಲ. ಯಾಕೆಂದರೆ ನಾನು ನಿಜವಾಗಿಯೂ ಆ ಬರಣಿಯ ಮೇಲೆ ಕಣ್ಣಿಟ್ಟಿದ್ದೆ. ದಿನಾ ಇಟ್ಟಿದ್ದೆ. ಅದು ಸಾಯಲಿ ಎಂದು ಒಂದೆರಡು ಸಲ ಮನಸ್ಸಿನಲ್ಲಿ ಅಂದುಕೊಂಡದ್ದೂ ಉಂಟು.

ಐದಾರು ದಿನಕ್ಕೆ ಕಾಕಾ ಹೈದರಾಬಾದಿನಿಂದ ಬಂದರು. ಮರುದಿನ ಬಟ್ಟೆ ತೆಗೆದರು. ಮೀನು ಚುರುಕಾಗಿ ಓಡಾಡುತ್ತಿತ್ತು. ನನಗೆ ಎಷ್ಟು ನಿರುಂಬಳವಾಯಿತೆಂದರೆ ಆ ಒಂದು ದಿನ ಹೊಟ್ಟೆಕಿಚ್ಚು ಮರೆತೇಹೋಯಿತು. ಬಾಲದ ತುದಿಯಲ್ಲಿ ಮೊದಲು ಒಂದು ಬಿಳಿ ಚುಕ್ಕೆ ಇತ್ತು, ಈಗ ಇರಲಿಲ್ಲ. ಕೇಳಿದೆ. "ಬ್ಯಾನಿ ಬಂದು ಎದ್ದೈತಲ್ಲ, ಬಣ್ಣ ಬದಲಾಗ್ಯಾವು," ಎಂದಳು ಚಿಗವ್ವ. ಸರಿ ಎಂದೆ. ಚಳಿಗಾಲದಲ್ಲಿ ಎರಡು ಸಲ, ಯುಗಾದಿಯ ಮುಂದೊಮ್ಮೆ ಮತ್ತೆ ಬಟ್ಟೆ, ಮತ್ತೆ ಮೆಣಸಿನಕಾಯಿ ಘಾಟು. ಆ ಹೊತ್ತಿಗೆ ನಾನೇ ಅವರ ಮನೆಗೆ ಹೋಗುವಾಗ ಕಣ್ಣು ತಗ್ಗಿಸಿ ಹೋಗುವುದನ್ನು ಕಲಿತಿದ್ದೆ.

ಒಂದು ಸಲ ಮಾತ್ರ ಕಾಕಾ ಒಬ್ಬರೇ ಸಿಕ್ಕಾಗ ಧೈರ್ಯ ಮಾಡಿ ಕೇಳಿದೆ. "ಕಾಕಾ, ನಂದು ಅಂಗೈ ಉದ್ದ ಆಗೈತಿ. ಗಿರಿಜೀದು ಯಾಕ ಬೆಳದಿಲ್ಲ?"

ಕಾಕಾ ಮೊಕದ್ದಮೆಯ ಮಿಸಲಿನ ಕಾಗದದಿಂದ ತಲೆ ಎತ್ತಿದರು. ಹೇಳಿಕೇಳಿ ವಕೀಲರು, ಉತ್ತರಕ್ಕೆ ತಡವಾಗಲಿಲ್ಲ. "ಅದರ ಗುಣಾನ ಹಂಗ. ಬರಣಿ ಎಷ್ಟೈತಿ, ಮೀನ ಅಷ್ಟ. ಸಣ್ಣ ಜಾಗಾದಾಗ ಇಟ್ರ ಸಣ್ಣದ ಇರ್ತೈತಿ. ಸಣ್ಣದಿದ್ದಷ್ಟು ಬಾಳ ದಿನ ಬದುಕ್ತೈತಿ."

"ಹಂಗಾರ ನಂದು?"

"ನಂದು ನಿಂದು ಅಂತೇನೈತಿ. ಹೋಗು, ಓದ್ಕೋ ಹೋಗು."

ಓದುವುದರಲ್ಲಿ ನಾನೇ ಮುಂದೆ. ಅದನ್ನು ಗಿರಿಜಿಯೂ ಒಪ್ಪುತ್ತಿದ್ದಳು. ಹೆಣ್ಣುಮಕ್ಕಳ ಮದರಸಾದಲ್ಲಿ ಉಸ್ತಾನಿ, ಅಂದರೆ ನಮ್ಮ ಟೀಚರಮ್ಮ, ಲೆಕ್ಕ ಕೊಟ್ಟರೆ ಮೊದಲು ಪಾಟಿ ಎತ್ತುತ್ತಿದ್ದವಳು ನಾನು. ನನ್ನ ಪಾಟಿ ನೋಡಿ ಬರೆಯುತ್ತಿದ್ದವಳು ಗಿರಿಜಿ. ಉರ್ದುವಿನ ಅಲಿಫ್ ಬೇ ನನಗೆ ಬಾಯಿಗೆ ಬಂದಷ್ಟೇ ಬೇಗ ಬೆರಳಿಗೂ ಬಂದಿತ್ತು. ಇಡೀ ಲಿಂಗಸುಗೂರಿನಲ್ಲಿ ನನಗೆ ಹೊಟ್ಟೆಕಿಚ್ಚು ಆಗದೆ ಇದ್ದ ಜಾಗ ಆ ಶಾಲೆಯೊಂದೇ.

ಕಾರಹುಣ್ಣಿಮೆ ಬಂತು. ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವ ದಿನ ನಮ್ಮನೆಯಲ್ಲಿ ಮಕ್ಕಳನ್ನೂ ಅಳೆಯುತ್ತಿದ್ದರು. ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಆಯಿ ಇದ್ದಲಿಯಿಂದ ಗೆರೆ ಎಳೆಯುತ್ತಿದ್ದಳು. ಹೋದ ವರ್ಷವೇ ನನ್ನ ಗೆರೆ ಅವಳದಕ್ಕಿಂತ ಮೇಲಿತ್ತು. ಈ ವರ್ಷ ಗಿರಿಜಿಯದು ಒಂದು ಬೆರಳು ಏರಿತು. ನನ್ನದು ಐದು ಬೆರಳು. ಆಯಿ ಇದ್ದಲಿ ಹಿಡಿದ ಕೈ ಹಾಗೆಯೇ ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಅವ್ವನ ಕಡೆ ತಿರುಗಿದಳು.

"ಶರಣೀಗೆ ಸಾಲಿ ಸಾಕು. ಇಷ್ಟುದ್ದ ಬೆಳದ ಹುಡಿಗೀನ ಬಜಾರ ಹಾಯಿಸಿ ಕಳಸಾಕ ಬರಂಗಿಲ್ಲ."

ಅವ್ವ ಆಯಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಗಿರಿಜಿ ಈಕಿಗಿಂತ ಮೂರು ತಿಂಗಳ ದೊಡ್ಡಾಕಿ ಅದಾಳ್ರೀ ಅತ್ತಿ. ಆಕಿ ಹೊಕ್ಕಾಳಲ್ರೀ."

"ತಿಂಗಳ ಯಾರು ಎಣಸ್ತಾರ? ಮಂದಿ ಕಣ್ಣಿಗೆ ಬೀಳೂದು ಉದ್ದ. ಗಿರಿಜಿ ಇನ್ನಾ ಕೂಸು ಕಂಡಂಗ ಕಾಣ್ತಾಳ, ಎರಡು ವರ್ಷ ಹೋಗ್ಲಿ."

ಅಪ್ಪ ಅಂಗಡಿಯಿಂದ ಬಂದ ಮೇಲೆ, "ಅವ್ವ ಹೇಳಿದಂಗ ಆಗ್ಲಿ," ಎಂದ. ಅಷ್ಟೇ. ನನ್ನ ಪಾಟಿಯನ್ನೂ ಗಿರಿಜಿಗೇ ಕೊಟ್ಟರು, ಅವಳದು ಮೂಲೆ ಒಡೆದಿತ್ತೆಂದು. ಅದಕ್ಕೆ ಮಾತ್ರ ಎರಡು ಪಾಲು ಮಾಡುವ ಕಾಯಿದೆ ಆಯಿಗೆ ನೆನಪಾಗಲಿಲ್ಲ.

ಹಿತ್ತಲಕ್ಕೆ ಹೋದೆ. ದೋಣಿಯ ಮೇಲೆ ನನ್ನ ನೆರಳು ಬಿದ್ದದ್ದೇ ಮೀನು ಮೇಲೆ ಬಂತು. ಅಂಗೈ ಉದ್ದ, ಅಗಲಕ್ಕೆ ಎರಡು ಬೆರಳು. ಬಾಯಿ ತೆರೆದು ಅಳ್ಳು ಕೇಳಿತು. ಅದನ್ನು ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಇಷ್ಟು ಬೆಳೆ ಎಂದು ನಿನಗೆ ಯಾರು ಹೇಳಿದ್ದರು? ಬೆಳೆದರೆ ಏನು ಗತಿಯೆಂದು ಗೊತ್ತೇನು ನಿನಗೆ? ಕಾಕಾನ ಮಾತು ತಲೆಯಲ್ಲಿ ಬಂತು. ಸಣ್ಣ ಜಾಗದಲ್ಲಿ ಇಟ್ಟರೆ ಸಣ್ಣದು. ಸಣ್ಣದಿದ್ದಷ್ಟು ಬಹಳ ದಿನ. ನನ್ನನ್ನಂತೂ ಯಾರೂ ಬರಣಿಯಲ್ಲಿ ಇಡುವುದಿಲ್ಲ, ಇದನ್ನಾದರೂ ಗಿರಿಜಿಯದರಷ್ಟು ಮಾಡುತ್ತೇನೆ ಅಂದುಕೊಂಡೆ.

ಯಾವುದರಲ್ಲಿ ಇಡಬೇಕು? ನನಗೆ ಗಾಜಿನ ಬರಣಿ ಯಾರು ಕೊಡುತ್ತಾರೆ? ಮನೆಯಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದ ಪಾತ್ರೆ ಎಂದರೆ ತಾಮ್ರದ ತಂಬಿಗೆ. ಪೂಜೆಯ ನೀರು ಅದರಲ್ಲೇ. ತಾಮ್ರದೊಳಗಿನ ನೀರು ಕುಡಿದರೆ ರೋಗ ಬರುವುದಿಲ್ಲವೆಂದು ಆಯಿ ದಿನಾ ಬೆಳಿಗ್ಗೆ ನಮಗೆ ಕುಡಿಸುತ್ತಿದ್ದಳು. ಅವ್ವನ ತವರಿನ ತಂಬಿಗೆಯೊಂದು ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ, ಬೂದಿಯಿಂದ ತಿಕ್ಕಿ ತಿಕ್ಕಿ ಹೊಳೆಯುವ ಹಾಗೆ ಮಾಡಿದೆ. ಬಾವಿಯ ಹೊಸ ನೀರು ತುಂಬಿದೆ. ಮೀನನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಇಳಿಸಿದೆ. ಸುಲಭವಾಗಿ ಇಳಿಯಲಿಲ್ಲ. ಒಳಗೆ ಅದು ಬಾಲ ಮಡಚಿಕೊಂಡೇ ಇರಬೇಕಾಯಿತು.

ದನದ ಮೇವಿನ ಕಣಿಕೆ ಒಟ್ಟುವ ಕೋಣೆಯಲ್ಲಿ, ಜೋಳದ ಸೊಪ್ಪೆಯ ಹಿಂದೆ ಬಚ್ಚಿಟ್ಟೆ. ದಿನಕ್ಕೆ ಒಂದೇ ಅಳ್ಳು. ಮೊದಲ ದಿನ ಅದು ಅಳ್ಳು ಮುಟ್ಟಲಿಲ್ಲ. ಎರಡನೆಯ ದಿನ ಬಾಯಿಯನ್ನು ನೀರಿನ ಮೇಲೆ ಇಟ್ಟು ಪಕ್ ಪಕ್ ಅನ್ನುತ್ತಿತ್ತು. ನನ್ನ ಕೂಡ ಮಾತಾಡುತ್ತಿದೆ ಎಂದುಕೊಂಡೆ. "ತಡಿ ಬೇ, ಸ್ವಲ್ಪ ಸಣ್ಣದಾಗು, ಆಮ್ಯಾಲ ನಿನ್ನನ್ನೂ ಎಲ್ಲಾರು ನೋಡಾಕ ಬರ್ತಾರ," ಎಂದೆ. ಮೂರನೆಯ ದಿನ ಬೆಳಿಗ್ಗೆ ಸಣ್ಣದಾಗಿದೆಯೇ ಎಂದು ಅಳೆಯಲು ಜೋಳದ ಗರಿ ಹಿಡಿದುಕೊಂಡು ಹೋದೆ. ಅದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ಅವ್ವ ಸೊಪ್ಪೆ ತರಲು ಬಂದವಳು ನೋಡಿದಳು. ತಂಬಿಗೆ, ಮೀನು, ನನ್ನ ಕೈಯಲ್ಲಿನ ಗರಿ.

"ದೋಣ್ಯಾಗ ಆರಾಮಿತ್ತಲ್ಲ ಬೇ. ಯಾಕ ತಂದು ಇದರಾಗ ತುರುಕಿದಿ?"

"ಸಣ್ಣದಾಗ್ಲಿ ಅಂತ."

ಅವ್ವ ಬೈಯಲಿಲ್ಲ. ಸೊಪ್ಪೆಯ ಮೇಲೆ ಕೂತು ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ನನ್ನ ಕಾಲು ನೆಲ ಮುಟ್ಟುತ್ತಿದ್ದವು. ಅವಳು ಏಳು ಅನ್ನಲಿಲ್ಲ, ನಾನೂ ಏಳಲಿಲ್ಲ. ಆಮೇಲೆ ಇಬ್ಬರೂ ಕೂಡಿ ಬೇವಿನ ಬುಡದಲ್ಲಿ ಮೀನು ಹುಗಿದೆವು. ತಂಬಿಗೆಯನ್ನು ಅವ್ವ ಮೂರು ಸಲ ತೊಳೆದು ಅಟ್ಟಕ್ಕೆ ಹಾಕಿದಳು. ಆಯಿಗೆ ಹೇಳಲಿಲ್ಲ.

ಸಂಜೆ ಶಾಲೆಯಿಂದ ಬಂದ ಗಿರಿಜಿ ಹಿತ್ತಲಕ್ಕೆ ಬಂದಳು. ಕೈಯಲ್ಲಿ ನನ್ನ ಪಾಟಿ. ದೋಣಿಯಲ್ಲಿ ಬಗ್ಗಿ ನೋಡಿ, "ಶರಣೀ, ನಿನ್ನ ಮೀನ ಎಲ್ಲಿ?" ಎಂದಳು.

ಅವಳ ಕೈಯಲ್ಲಿನ ಪಾಟಿ ನೋಡಿದೆ. ನನ್ನೊಳಗಿದ್ದ ವಿಷವೆಲ್ಲ ನಾಲಿಗೆಗೆ ಬಂತು. ಅವಳ ತಾಯಿ ನನ್ನನ್ನು ನೋಡಿದ ಹಾಗೆಯೇ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹೇಳಿದೆ.

"ಸತ್ತೈತಿ. ಯಾರದೋ ಕಣ್ಣ ತಾಕೈತಿ. ಒಬ್ಬೊಬ್ಬರ ಕಣ್ಣು ಬಾಳ ಕೆಟ್ಟಿರ್ತಾವು."

ಗಿರಿಜಿಯ ಮುಖ ಬಿಳಿಚಿಕೊಂಡಿತು. ಪಾಟಿ ಎದೆಗೆ ಅವಚಿಕೊಂಡು ಓಡಿಹೋದಳು. ನನಗೆ ಹಾಯೆನಿಸಿತು.

ಮುಂದೆ ನಮ್ಮ ಸೀಮೆಯಲ್ಲಿ ಗದ್ದಲಗಳು ಶುರುವಾದವು. ಶಾಲೆ ಮುಚ್ಚಿತು, ಗಿರಿಜಿಯ ಓದೂ ನಿಂತಿತು. ನಿಜಾಮರ ರಾಜ್ಯ ಹೋಯಿತು. ನನ್ನನ್ನು ಸಿಂಧನೂರಿಗೆ ಕೊಟ್ಟರು, ಅವಳನ್ನು ಮಸ್ಕಿಗೆ. ಅವಳು ಗಂಡನ ಮನೆಯಲ್ಲಿ ಕನ್ನಡ ಕಲಿತು ನನಗೊಂದು ಕಾಗದ ಬರೆದಳು. ಉರ್ದು ಬಿಟ್ಟು ಬೇರೆ ಅಕ್ಷರ ಬಾರದ ನಾನು ಅದನ್ನು ಮೈದುನನ ಕೈಯಲ್ಲಿ ಓದಿಸಿದೆ. ಆ ಉರಿಗೇ ನಾನು ಮಕ್ಕಳನ್ನು ಬಗಲಲ್ಲಿಟ್ಟುಕೊಂಡು ಕನ್ನಡ ಕಲಿತೆ, ಪರೀಕ್ಷೆಗೆ ಕೂತೆ, ಕೊನೆಗೆ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರೂ ಆದೆ. ನನ್ನ ವಿದ್ಯೆಯೆಲ್ಲ ಹೊಟ್ಟೆಕಿಚ್ಚಿನ ಪ್ರಸಾದ.

ಮೂರು ವರ್ಷದ ಹಿಂದೆ ಮಸ್ಕಿಗೆ ಹೋಗಿದ್ದೆ. ಗಿರಿಜಿ ಈಗಲೂ ಗಿಡ್ಡಗೆ, ಬೆಳ್ಳಗೆ. ನನಗೆ ಮಂಡಿನೋವು, ಅವಳಿಗೆ ಅದೂ ಇಲ್ಲ. ಅವಳ ಮೊಮ್ಮಗಳು ಪಡಸಾಲೆಯಲ್ಲಿ ದೊಡ್ಡ ಗಾಜಿನ ಪೆಟ್ಟಿಗೆ ಇಟ್ಟಿದ್ದಳು. ಗುಳ್ಳೆ ಬಿಡುವ ಯಂತ್ರ, ಬಣ್ಣದ ಕಲ್ಲು, ಐದಾರು ಕೆಂಪು ಮೀನು.

"ಚಲೋ ನೋಡ್ಕೊಂಡ್ರ ಹದಿನೈದು ವರ್ಷ ಇರ್ತಾವ್ರಿ ಅಜ್ಜಿ," ಎಂದಳು ಮೊಮ್ಮಗಳು. "ಸಣ್ಣ ಬರಣ್ಯಾಗ ಹಾಕಿದ್ರ ಬೆಳೆಯಂಗೂ ಇಲ್ಲ, ಬದುಕಂಗೂ ಇಲ್ಲ."

"ತಾಮ್ರದ ತಂಬಿಗ್ಯಾಗ ಇಟ್ರ?"

"ಅಯ್ಯ, ತಾಮ್ರ ಅವಕ್ಕ ವಿಷ ರೀ."

ಮೊಮ್ಮಗಳು ಒಳಗೆ ಹೋದ ಮೇಲೆ ಗಿರಿಜಿ ನನ್ನ ಪಕ್ಕ ಸರಿದು ಕೂತಳು.

"ನಾಕು, ಶರಣೀ."

"ಏನು ನಾಕು?"

"ಬರಣ್ಯಾಗ ಸತ್ತ ಮೀನ. ಒಂದು ಸತ್ತಾಗೊಮ್ಮೆ ಅಪ್ಪ ಹೈದರಾಬಾದಿನಿಂದ ಅಂಥಾದ್ದ ಸಣ್ಣದು ತರ್ತಿದ್ದ. ಅವ ಬರೂತನಕ ಅವ್ವ ಖಾಲಿ ನೀರಿಗೆ ಅರಿವಿ ಮುಚ್ಚತಿದ್ಲು. ಯಾರಿಗೂ ಹೇಳಬ್ಯಾಡಂತ ಲಿಂಗ ಮುಟ್ಟಿಸಿ ಆಣಿ ಮಾಡಿಸಿದ್ಲು."

ಖಾಲಿ ಬರಣಿಗೆ ದಿಷ್ಟಿ ತೆಗೆದು ಮನೆಮಂದಿಯನ್ನೆಲ್ಲ ಕೆಮ್ಮಿಸಿದ್ದಳೇ ನನ್ನ ಚಿಗವ್ವ! ಬೆಳೆಯದೆ ಉಳಿದ ಮೀನು ಒಂದೂ ಇರಲಿಲ್ಲ. ಯಾವುದರ ಹಾಗೆ ಆಗಲಿ ಎಂದು ನನ್ನದನ್ನು ಹಿಂಡಿ ತಂಬಿಗೆಗೆ ತುಂಬಿದೆನೋ ಅದು ಲೋಕದಲ್ಲೇ ಇರಲಿಲ್ಲ.

"ಬರಣಿ ನನ್ನ ಮನ್ಯಾಗಿತ್ತು, ಖರೇ," ಎಂದಳು ಗಿರಿಜಿ. "ಆದ್ರ ಮೀನ ಅಂದ್ರ ನಿಂದ. ಕಟ್ಟಿ ಬಡದ್ರ ಬರ್ತಿತ್ತು. ನೀ ಇಲ್ಲದಾಗ ಬಂದು ನೋಡ್ತಿದ್ದೆ. ಹೊಟ್ಟಿ ಎಷ್ಟು ಉರೀತಿತ್ತು ಗೊತ್ತೇನ ನಿನಗ? ಆಮ್ಯಾಲ ಅದು ಸತ್ತಿತು. ನನ್ನ ಕಣ್ಣ ತಾಕೀನ ಸತ್ತಿತು. ನೀನ ಅಂದೀ ಅವತ್ತು, ನನ್ನ ಮಾರಿ ನೋಡಿ. ಅವತ್ತಿನಿಂದ ಯಾರದ ಕೂಸು ಹುಟ್ಟಿದ್ರೂ ನಾ ಮೊದಲಿಗೆ ಕಣ್ಣೆತ್ತಿ ನೋಡಿಲ್ಲ. ನಿನ್ನ ಮಕ್ಕಳನ್ನೂ ನೋಡಲಿಲ್ಲ."

ನೋಡಿರಲಿಲ್ಲ. ನನ್ನ ಎರಡೂ ಬಾಣಂತನಕ್ಕೆ ಬಂದು ತೊಟ್ಟಿಲ ಕಡೆ ತಿರುಗದೆ ಹೋಗಿದ್ದಳು. ಗರ್ವವೆಂದು ತಿಳಿದು ವರ್ಷಗಟ್ಟಲೆ ಆಡಿಕೊಂಡಿದ್ದೆ.

ತಂಬಿಗೆಯ ಮಾತು ಬಾಯಿತನಕ ಬಂತು. ಹೇಳಿಬಿಡಬೇಕಿತ್ತು, ಒಂದೇ ಮಾತು. ಹೇಳಲಿಲ್ಲ. ಯಾಕೆಂದು ಬರೆದೇಬಿಡುತ್ತೇನೆ. ಗಿರಿಜಿ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು! ಜನ್ಮವಿಡೀ ನಾನು ಹಸಿದಿದ್ದ ಮಾತು ಅದು. ತಂಬಿಗೆಯ ಕತೆ ಹೇಳಿದರೆ ನಾನು ಮತ್ತೆ ಅದೇ ಉದ್ದನೆಯ, ಕಪ್ಪನೆಯ, ಮೀನು ಕೊಂದ ಹುಡುಗಿಯಾಗುತ್ತಿದ್ದೆ. ಒಂದೆರಡು ತಿಂಗಳು ಈ ಸುಖ ಉಣ್ಣೋಣ, ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಕಾಲುವೆಯ ಗದ್ದೆಗಳ ನಡುವೆ ದಾರಿಯುದ್ದಕ್ಕೂ ನಗುತ್ತ ಬಂದೆ. ಯುಗಾದಿಗೆ ಮೊದಲೇ ಮಸ್ಕಿಯಿಂದ ಫೋನು ಬಂತು, ಗಿರಿಜಿ ಹೋದಳೆಂದು.

ಲಿಂಗಸುಗೂರಿನ ಆ ಅಂಗಳದಲ್ಲಿ ಈಗ ಬೇರೆಯವರ ಅಂಗಡಿ ಸಾಲು. ದೋಣಿ ಎಲ್ಲಿ ಹೋಯಿತೋ, ಇದ್ದಲಿಯ ಗೆರೆಗಳಿದ್ದ ಕಂಬ ಎಲ್ಲಿ ಹೋಯಿತೋ. ಅವಕ್ಕೆ ನಾನು ಅಳುವುದಿಲ್ಲ. ರಿಬ್ಬನ್ನು ನೋಡಿದರೂ ಈಗ ಉರಿಯುವುದಿಲ್ಲ ಹೊಟ್ಟೆ, ಬೆಳ್ಳಗಿದ್ದವರನ್ನು ನೋಡಿದರೂ ಇಲ್ಲ. ಯಾರ ಮೇಲೆ ಉರಿಯಲಿ? ಇದ್ದವಳು ಅವಳೊಬ್ಬಳೇ. ಮೊನ್ನೆ ಅವಳ ಮೊಮ್ಮಗಳು ಹೆತ್ತಿದ್ದಾಳೆಂದು ಹೋಗಿ, ಗಿರಿಜಿಯ ಪಾಲಿನದೂ ಸೇರಿಸಿ ಆ ಕೂಸನ್ನು ಕಣ್ಣು ತುಂಬ ನೋಡಿ ಬಂದೆ.

ಗಿರಿಜೀ, ನಿನ್ನ ಕಣ್ಣು ಅಲ್ಲ ಬೇ. ತಂಬಿಗಿ. ನಾನ ಇಟ್ಟಿದ್ದೆ.